ಬಿಟ್ಟ ಸ್ಥಳ

ಮಾಂಕ್ಟನ್ ಗ್ರಂಥಾಲಯದ ನೆಲಮಾಳಿಗೆ,
ಮಂಗಳವಾರ, ಸಂಜೆ ಆರೂವರೆ.
ಬೂಟುಗಳ ಹಿಮ ಕರಗಿ ಮೇಜಿನಡಿ ಹರಿದು
ಯಾರ ನೀರು ಯಾರದೋ ತಿಳಿಯದಂತೆ ಕೂಡಿಕೊಂಡಿದೆ.

ಜೆರ್ಮೇನ್ ಕೊರ್ಮಿಯೇ ಟೀಚರು ಹಲಗೆಯ ನಡುವೆ ಗೆರೆ ಎಳೆದರು:
ಎಡಕ್ಕೆ ಇಂಗ್ಲಿಷು, ಬಲಕ್ಕೆ ಫ್ರೆಂಚು.
"ಇಂಗ್ಲಿಷಿನಲ್ಲಿ ನೀವು ಯಾವ ದೇಶದವರೆಂದು ಹೇಗೆ ಹೇಳಿದರೂ
ತಲೆಗೆ ರುಮಾಲು. ದೊಡ್ಡಕ್ಷರ. ವಾದವಿಲ್ಲ.
ಫ್ರೆಂಚಿನಲ್ಲಿ ಹಾಗಲ್ಲ. 'ನಾನು ಇಂಥವಳು' ಅನ್ನುವಾಗ
ಅದು ಬರೀ ಗುಣ, ಉದ್ದ, ಗಿಡ್ಡ, ಹಸಿದವಳು ಅಂದಹಾಗೆ.
ಸಣ್ಣಕ್ಷರ ಸಾಕು.
'ಅಗೋ, ಅಲ್ಲಿ ಒಬ್ಬಳು ಇಂಥವಳು' ಅಂತ
ಬೆರಳು ತೋರಿಸಿದರೆ ಆಗ ದೊಡ್ಡದು."

ಅಂದರೆ, ಎಂದಳು ಮಾಲಿಯ ಫಾಂತಾ,
ನಾನೇ ಹೇಳಿಕೊಂಡರೆ ಚಿಕ್ಕವಳು,
ಕಂಡವರು ಅಂದರೆ ದೊಡ್ಡವಳು?
ಕ್ಲಾಸು ನಕ್ಕಿತು. ಟೀಚರು ನಗಲಿಲ್ಲ.

ಯೂಸ್ನಿಯೆಲ್‌ನದು ಬೇರೆ ತಾಪತ್ರಯ.
ಕ್ಯೂಬ್ಯಾಂ, ಕ್ಯೂಬೆನ್:
ಮೂಗಲ್ಲೇ ನಿಂತರೆ ಗಂಡು, ನಾಲಿಗೆಗೆ ಇಳಿದರೆ ಹೆಣ್ಣು.
ಹೆಂಡತಿಯನ್ನು ಗಂಡಸು ಮಾಡಿದ್ದಾನೆ
ಈ ವಾರದಲ್ಲಿ ಎರಡನೇ ಸಲ.

ಲೆಹಬೀಬನ ಹಾಳೆ ಮಾತ್ರ ಖಾಲಿ.
ತಿಂದೂಫಿನ ಡೇರೆಯಲ್ಲಿ ಹುಟ್ಟಿದವನು.
ಪಾಸ್‌ಪೋರ್ಟು ಅಲ್ಜೀರಿಯದ್ದು, ಪ್ರಯಾಣಕ್ಕೆಂದು ಕೈಗಡ ಕೊಟ್ಟದ್ದು.
ತಾಯಿ ಹೇಳುವ ಕಡಲ ಊರನ್ನು ಕಂಡವನಲ್ಲ.
'ಬಿಟ್ಟ ಸ್ಥಳ ತುಂಬಿರಿ' ಎಂದಿದೆ ಹಾಳೆಯ ತಲೆಯಲ್ಲಿ.
ಬಿಟ್ಟವರು ಯಾರು, ಯಾಕೆ ಬಿಟ್ಟರು,
ಅದಕ್ಕೆ ಅಂಕವಿಲ್ಲ.

"ಸಹ್ರಾವಿ. ವ್ಯಾಕರಣಕ್ಕೆ ಒಪ್ಪುತ್ತದಾ, ಮದಾಂ?"
"ಒಪ್ಪುತ್ತದೆ. ಹೆಂಗಸಾದರೆ ಕೊನೆಗೊಂದು ಅಕ್ಷರ ಜಾಸ್ತಿ,
ಕಿವಿಗೆ ಮಾತ್ರ ಅದೇ."
"ಕಚೇರಿಯ ಕಂಪ್ಯೂಟರಿನ ಪಟ್ಟಿಯಲ್ಲಿ ಇಲ್ಲ."
ಟೀಚರು ಸೀಮೆಸುಣ್ಣ ಹುಡುಕಿದರು, ಅದು ಕೈಯಲ್ಲೇ ಇತ್ತು.
ಬಲಗಡೆ, ಕೆಳಗೆ, ಸಣ್ಣಕ್ಷರದಲ್ಲಿ ಬರೆದರು:
ನಾನು ಅಕಾಡಿಯದವಳು.
"ನನ್ನದೂ ಇಲ್ಲ. ಬಾವುಟ ಇದೆ, ಹಾಡು ಇದೆ,
ಆಗಸ್ಟಿನಲ್ಲಿ ತಗಡು ಬಡಿದು ಬೀದಿ ಸುತ್ತುತ್ತೇವೆ.
ಗಡಿ ಇಲ್ಲ."

ನಾನಿದನ್ನು ಬರೆಯುವ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ.
ದೇವರಿಗೂ ದೊಣ್ಣೆಗೂ ಒಂದೇ ಎತ್ತರ.
ಹಾಗಂತ ಇಲ್ಲಿ ಎಲ್ಲರೂ ಸಮ ಅಂದುಕೊಂಡೀರಿ,
ನಮಗೆ ಬೇರೆ ಉಪಾಯಗಳಿವೆ.

ಲೆಹಬೀಬ ಎಡಗಡೆ ದೊಡ್ಡ ಎಸ್ ಬರೆದ,
ಒತ್ತಿ, ಮತ್ತೆ ಒತ್ತಿ, ಹಾಳೆ ತೂತಾಗುವಷ್ಟು.
ಬಲಗಡೆಯ ಚಿಕ್ಕದನ್ನು ಮೆಲ್ಲಗೆ,
ಮಲಗಿದ ಮಗುವಿಗೆ ಹೊದಿಸಿದ ಹಾಗೆ.
ಆಮೇಲೆ ಎಂಟೂ ಐವತ್ತರ ಬಸ್ಸಿಗೆ ಓಡಿದ,
ಕುರ್ಚಿಯ ಮೇಲೆ ಒಂದು ಕೈಗವಸು ಬಿಟ್ಟು.