ಮೂಗು

ಫಕೀರೇಶ, ನಿನ್ನ ಮೂಗು ನನಗ ಇನ್ನೂ ಬರವಲ್ದು.
ಹನ್ನೊಂದು ಸಲ ತಗದೆ, ಹನ್ನೊಂದು ಸಲ ಅಳಿಸಿದೆ.
ನವನಗರದ ಈ ಬಾಡಿಗಿ ಮನಿ ಮೇಜಿನ ಮ್ಯಾಲ
ರಬ್ಬರಿನ ಪುಡಿ, ಶೇಂಗಾ ಚಟ್ನಿ, ಎರಡೂ ಒಂದಽ ಬಣ್ಣ.

ಮೊದಲ ಚೌಕಟ್ಟು: ನೀ ಹಾಲಿನ ಪಾಕೀಟು ಹಲ್ಲಿಲೆ ಹರೀತಿ.
ಎರಡನೇದು: ‘ಕತ್ತರಿ ಅಲ್ಲೇ ಐತಿ’ ಅಂತೀನಿ ನಾನು.
ಮೂರನೇದರಾಗ ಮಾತಿನ ಗುಳ್ಳಿ ಐತಿ,
ಮಾತಿಲ್ಲ.
ಇಷ್ಟಕ್ಕಽ ಒಂದು ತಿಂಗಳು ಹಿಡೀತು.

ಚಿಗರಿ ಬಸ್ಸಿನ ಜಗಳಕ್ಕ ನಾಕು ಪುಟ.
ಜುಬಿಲಿ ಸರ್ಕಲ್ಲಿನ್ಯಾಗ ಶುರು,
ಸತ್ತೂರ ದಾಟೂದರಾಗ ಇಬ್ಬರೂ ಗಪ್ಪು.
ಕಿಟಕಿ ಗಾಜಿನ್ಯಾಗ
ನಿನ್ನ ನೆರಳಿನ ಹೆಗಲಿಗೆ ನನ್ನ ನೆರಳು ಒರಗಿತ್ತು.
ನಾವು ಒರಗಿದ್ದಿಲ್ಲ.
ಅದನ್ನ ಹೆಂಗ ತಗೀಬೇಕು ತಿಳೀಲಿಲ್ಲ,
ಕಂಡಕ್ಟರ್‌ ಇಲ್ಲದ ಬಸ್ಸು ತಗದು ಸುಮ್ಮನಾದೆ.

ಎಲ್ಲಾ ಓದಿ ನೀ ಕೇಳಿದಿ:
‘ಆ ರಾತ್ರಿ ತಪ್ಪಾತು ಅಂದಿದ್ನೆಲ್ಲ,
ಅದೆಲ್ಲೇತಿ?’

ಬೆರಳಿಟ್ಟೆ,
ಐದನೇ ಚಿತ್ರಕ್ಕೂ ಆರನೇದಕ್ಕೂ ನಡುವ
ಬೋಳು ಬಿಟ್ಟ ಬಿಳಿ ಸಂದಿಯೊಳಗ.
‘ಇಲ್ಲೇತಿ.’

ನೀ ನಂಬಿದಿ. ಕನ್ನಡಕ ಹಣಿಗೇರಿಸಿ
ಹಾಳಿಗೆ ಮುಖ ಹಚ್ಚಿ
ಆ ಬಿಳೀದರಾಗ ಹುಡುಕಾಕ ಹತ್ತಿದಿ,
ಕಳದ ಗುಂಡಿ ಹುಡುಕಿದಂಗ.

ಏ, ಅಲುಗಬ್ಯಾಡ.
ಹಂಗಽ ಇರು, ಹಂಗಽ…
ಅಯ್ಯ, ಪೆನ್ಸಿಲ್ ಎಲ್ಲಿಟ್ಟೆ?