ಕುರಿಕತ್ತರಿ

ಈ ಕತ್ತರಿ ನನ್ನದು.
ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ
ವಾರ್ಸಾದಿಂದ ಬಂದವರೆಲ್ಲ ಇದರ ಫೋಟೋ ತೆಗೆದು
ಅಡಿಯಲ್ಲಿ ಬರೆದುಕೊಳ್ಳುತ್ತಾರೆ: ಪೆಲಾಗಿಯಾ ಅಜ್ಜಿಯ ಕತ್ತರಿ.
ಹನ್ನೆರಡು ಕುರಿಗಳ ಉಣ್ಣೆ ತೆಗೆಯಲೆಂದು
ಒಸ್ತ್ರೊವೆಂಕಾದ ಸಂತೆಯಲ್ಲಿ ಚೌಕಾಸಿ ಮಾಡಿ ತಂದವನು ನಾನು.
ಗೇಣುದ್ದದ ಎರಡು ಅಲಗು, ಹಿಂದೆ ಬಿಲ್ಲಿನಂತೆ ಬಾಗಿದ ಉಕ್ಕು,
ಬೆರಳು ತೂರಿಸಲು ಕಿವಿಯಿಲ್ಲ,
ಹಾಲು ಕರೆದ ಹಾಗೆ ಮುಷ್ಟಿಯಲ್ಲೇ ಹಿಂಡಬೇಕು.

ಇಂಥದ್ದರಲ್ಲಿ ಅತ್ತೆ
ಹುಂಜದ ಕಣ್ಣು ಕತ್ತರಿಸುತ್ತಾಳೆ.

ಪೆನ್ಸಿಲ್ ಮುಟ್ಟುವುದಿಲ್ಲ. ಕಾಗದ ಮಡಚಿ
ಮಡಿಕೆಯನ್ನು ಎಡಗೈಗೆ ಒಪ್ಪಿಸಿ
ಕತ್ತರಿಯನ್ನು ಇದ್ದಲ್ಲೇ ಇರಗೊಟ್ಟು
ಕಾಗದವನ್ನೇ ತಿರುಗಿಸುತ್ತ ತಿರುಗಿಸುತ್ತ ಅದರ ಬಾಯಿಗೆ ಉಣಿಸುತ್ತಾಳೆ.
ಹಸಿರು ಚೂರು ಮಡಿಲಿಗೆ ಉದುರುತ್ತದೆ.
ಅರ್ಧ ಮರ, ಒಂಟಿ ಹುಂಜ.
ಲೆಲುಯಾ ಅನ್ನುತ್ತಾರೆ ನಮ್ಮ ಕಡೆ ಆ ಮರಕ್ಕೆ.
ಇನ್ನರ್ಧ ಎಲ್ಲಿ ಅಂದರೆ
‘ಅದು ತಾನಾಗಿ ಬರುತ್ತದೆ, ನೀನು ಸೌದೆ ತಾ.’

ಈಸ್ಟರಿಗೆ ಮುಂಚೆ ಪ್ರತಿವರ್ಷ ಇದೇ ಪಾಡು.
ಗೋಡೆಗೆ ಸುಣ್ಣ. ಹೊಗೆ ಕುಡಿದು ಮುದುಡಿದ ಹಳೆಯದೆಲ್ಲ ಒಲೆಗೆ.
ಹೊಸದು ಗೋಡೆಗೆ, ಹಿಟ್ಟಿನ ಅಂಟಿನಲ್ಲಿ.
ಅರವತ್ತು ವರ್ಷದ ಮರಗಳು, ಅವುಗಳ ಮೇಲಿನ ಹುಂಜಗಳು,
ಒಟ್ಟಿಗೆ ಉರಿಸಿದ್ದರೂ ಒಂದು ರೊಟ್ಟಿ ಬೇಯುತ್ತಿರಲಿಲ್ಲ.

ಹೋದ ತಿಂಗಳು ವಸ್ತುಸಂಗ್ರಹಾಲಯದಿಂದ ಒಬ್ಬ ಹುಡುಗ ಬಂದಿದ್ದ,
ಬಿಳಿ ಕೈಗವಸು ಜೇಬಿನಲ್ಲೇ ಇಟ್ಟುಕೊಂಡು.
ಅಜ್ಜೀ, ನೀವು ಮಾಡಿದ್ದರಲ್ಲಿ ತೀರಾ ಹಳೆಯದು ಯಾವುದು?
ಅತ್ತೆ ಬೆರಳು ಮಡಚಿ ಎಣಿಸಿದಳು: ಮೊನ್ನೆ ಮಂಗಳವಾರದ್ದು.
ಅವನು ನಕ್ಕ. ಅವಳು ನಗಲಿಲ್ಲ.
ಆಮೇಲೆ ನನ್ನ ಕಡೆ ತಿರುಗಿ,
‘ಕೊಟ್ಟಿಗೆಯ ಬಾಗಿಲು ತೋರಿಸು ಇವನಿಗೆ.’

ಆ ಬಾಗಿಲಿನ ಸಂಗತಿ ನಾನು ಯಾರಿಗೂ ಹೇಳಿರಲಿಲ್ಲ.

ಮಾವ ಬೊನಿಫಾತ್ಸಿ ಫೆಬ್ರವರಿಯಲ್ಲಿ ತೀರಿಕೊಂಡ ವರ್ಷ
ಸುಣ್ಣ ಬಳಿಯಲಿಲ್ಲ, ಕಾಗದ ಮಡಚಲಿಲ್ಲ.
ಕತ್ತರಿ ಆ ವರ್ಷ ಪೂರ್ತಿ ನನ್ನ ಬಳಿಯೇ ಇತ್ತು.
ಬೇಡವಾಗಿತ್ತು ನನಗೆ.
ಗೋಡೆಯ ಮೇಲಿದ್ದ ಹಿಂದಿನ ವರ್ಷದ ಮರಗಳು
ಒಂದೊಂದಾಗಿ ಅಂಟು ಬಿಟ್ಟು, ರಾತ್ರಿ ಹೊತ್ತು
ಸದ್ದಿಲ್ಲದೆ ನೆಲಕ್ಕಿಳಿದವು.

ಆಮೇಲೆ ಇಟ್ಟಿಗೆಯ ಮನೆ ಬಂತು.
ಅಳಿಯ, ಮನೆ ತೊಳೆಯ ಅನ್ನುತ್ತಾರಲ್ಲ,
ತೊಳೆಯುವುದಿರಲಿ, ನಾನು ಕಿತ್ತೇ ಹಾಕಿದೆ,
ಹಳೆಮನೆಯನ್ನು ತೊಲೆ ತೊಲೆಯಾಗಿ ಸೌದೆ ಲೆಕ್ಕದಲ್ಲಿ ಮಾರಿದೆ.
ಒಲೆಯ ಹಿಂದಿನ ಹಲಗೆಗಳಿಗೆ ಬಂದಾಗ ಕೈ ನಿಂತಿತು.
ಸುತ್ತ ಮಸಿ. ನಡುವೆ ಸುಣ್ಣದ ಬಿಳುಪಿನಲ್ಲಿ
ಕಾಗದವಿಲ್ಲದೆ ನಿಂತಿತ್ತು ಲೆಲುಯಾ,
ಎಲೆ ಎಲೆಯ ಹಲ್ಲು ಸಮೇತ.
ಅರ್ಧ ಮರ. ಒಂಟಿ ಹುಂಜ.
ಎಡಗಡೆಯ ಕಾಗದ ಯಾವಾಗಲೋ ಮೊದಲೇ ಕಳಚಿರಬೇಕು,
ಆ ಕಡೆಯನ್ನು ಹೊಗೆ ತಿಂದಿತ್ತು.

ಸುಡಲಾಗಲಿಲ್ಲ. ಅವಳಿಗೆ ತೋರಿಸಲೂ ಆಗಲಿಲ್ಲ.
ಕುರಿಕೊಟ್ಟಿಗೆಗೆ ಬಾಗಿಲು ಮಾಡಿ
ಮರವನ್ನು ಒಳಮುಖ ತಿರುಗಿಸಿ ಜಡಿದೆ, ಕುರಿಗಳು ನೋಡಿಕೊಳ್ಳಲಿ ಅಂತ.
ಸಂಜೆ ಎಣಿಸಲು ಹೋದ ಅತ್ತೆ
ಬಾಗಿಲು ಮುಂದೆ ಮಾಡಿಕೊಂಡು ಅಷ್ಟು ಹೊತ್ತು ಒಳಗೇ ಇರುತ್ತಿದ್ದಳಲ್ಲ,
ಇರುವುದು ಹನ್ನೆರಡೇ ಕುರಿ,
ನನಗೆ ಹೊಳೆಯಬೇಕಿತ್ತು.

ಹುಡುಗ ಟೇಪು ಹಿಡಿದು ಅಳೆದ. ಟಾರ್ಚು ಬಿಟ್ಟು ನೋಡಿದ.
ಕೈಗವಸು ಹಾಕಿಕೊಂಡ, ಮುಟ್ಟಲಿಲ್ಲ.
ಇದನ್ನು ಕೊಡುತ್ತೀರಾ?
ಕುರಿ ತಪ್ಪಿಸಿಕೊಳ್ಳುತ್ತವೆ, ಎಂದೆ ನಾನು.
ಇನ್ನರ್ಧ ಏನಾಯಿತು? ಎಂದ.
ಅತ್ತೆ ಕೇಳಿಸದವಳಂತೆ
ಬಗ್ಗಿ ಹುಲ್ಲು ಸರಿಮಾಡಿದಳು, ಬಹಳ ಹೊತ್ತು.

ನಾಳೆ ಉಣ್ಣೆ ತೆಗೆಯುವ ದಿನ.
ಅಲಗಿನ ಬುಡದಲ್ಲಿ ಸಿಕ್ಕಿಕೊಂಡ ಹಸಿರು ಎಳೆಯೊಂದನ್ನು
ಉಗುರಿನಲ್ಲಿ ಕೆದಕುತ್ತ ಕೂತಿದ್ದೇನೆ.
ಸಂಜೆಯಾಗುವುದೇ ತಡ, ಕೈ ಚಾಚುತ್ತಾಳೆ, ಜಿಡ್ಡು ಒರೆಸಿ ಕೊಡು ಎನ್ನುತ್ತಾಳೆ.
ಎಷ್ಟು ಒರೆಸಿದರೂ ಕುರಿಯ ವಾಸನೆ ಹೋಗುವುದಿಲ್ಲ.
ಬೇಕಾದರೆ ಆ ಹುಂಜಗಳ ಹತ್ತಿರ
ಮೂಗು ಒಯ್ದು ನೋಡಿ.