ನಾಲ್ಕನೇ ಕೋಣೆಯ ಕತ್ತಲು

ಬೆಳಗ್ಗೆ ಆರಕ್ಕೆ ದೀಪ ಹತ್ತಬೇಕು, ಸಂಜೆ ಆರಕ್ಕೆ ಆರಬೇಕು.
ಇದನ್ನು ನಾವು ಸೂರ್ಯನಿಗೆ ಬಿಟ್ಟಿಲ್ಲ,
ಗೋಡೆಯ ಮೇಲೊಂದು ಟೈಮರ್ ಇದೆ.
ಇಪ್ಪತ್ತೆರಡು ಡಿಗ್ರಿ. ಆಷಾಢಕ್ಕೂ ಅಷ್ಟೇ, ಶಿವರಾತ್ರಿಗೂ ಅಷ್ಟೇ.

ಶಂಕರಘಟ್ಟದ ಈ ಪ್ರಾಣಿಗೃಹಕ್ಕೆ ಕಿಟಕಿಗಳಿಲ್ಲ.
ಹೊರಗೆ ಭದ್ರೆಯ ಕಾಡು ಎಲೆ ಉದುರಿಸಿ ಚಿಗುರಿದರೂ
ಒಳಗಿನ ಇನ್ನೂರ ಹದಿನಾರು ಇಲಿಗಳಿಗೆ
ಋತು ಅಂದರೆ ಹೊಟ್ಟು ಬದಲಾಗುವ ಮಂಗಳವಾರ, ಶುಕ್ರವಾರ.

ಹೊಟ್ಟು ಹೊಳೆಹೊನ್ನೂರಿನ ಗಿರಣಿಯದು.
ಗುತ್ಯಪ್ಪ ಚೀಲ ಬಿಚ್ಚಿ, ಹಿಡಿತುಂಬ ಎತ್ತಿ ಮೂಸುತ್ತಾನೆ.
"ಬ್ಯಾಡ ಮೇಡಂ, ಇದಕ್ಕೆ ಔಷಧಿ ಹೊಡ್ದಾರೆ."
ಪರೀಕ್ಷೆಯ ವರದಿ ಬರಲು ಒಂಬತ್ತು ದಿನ ಹಿಡಿಯಿತು.
ಅವನ ಮೂಗು ಹೇಳಿದ್ದನ್ನೇ ಅದೂ ಹೇಳಿತು,
ಬಿಲ್ಲು ಸಮೇತ.

ಅವನಪ್ಪ ಕಣಜದ ಬಾಯಿಗೆ ಬಿದಿರಿನ ಕತ್ತರಿ ಹೂಡುತ್ತಿದ್ದನಂತೆ.
ಮಗ ಬಸುರಿ ಇಲಿಯ ಬಾಲದ ಬುಡ ಹಿಡಿದು
ಅಂಗೈಗೆ ಇಳಿಸಿಕೊಂಡು, ಒಂದು ಗಳಿಗೆ ಸುಮ್ಮನಿದ್ದು, ತೂಗುತ್ತಾನೆ.
"ಮನೇಲಿ ಹೆಂಡ್ತಿ ಇಲಿಪಾಷಾಣ ಇಡ್ತಾಳೆ.
ನಾ ಏನಂತ ಬ್ಯಾಡ ಅನ್ಲಿ?"
ನಾನೂ ಏನೂ ಅನ್ನುವುದಿಲ್ಲ. ನನ್ನ ಬೀರುವಿನಲ್ಲಿ
ಗ್ಯಾಸ್ ಸಿಲಿಂಡರಿನ ಕೀಲಿ ಇದೆ.

ಸಂಶೋಧಕರಿಗೆ ನಾನು ಸಹಿ ಹಾಕದ ಹೆಂಗಸು.
ಎಷ್ಟು, ಯಾಕೆ, ಇಲ್ಲದೆ ಆಗದೇ ಎಂದು ಕೇಳುವವಳು.
ಶ್ರೇಯಾಂಸ ಮೂವತ್ತು ಕೇಳಿದ್ದ, ಹದಿನೆಂಟಕ್ಕೆ ಇಳಿಸಿದೆ,
ಮೀನುಪೇಟೆಯಲ್ಲಿ ಚೌಕಾಸಿಗೆ ನಿಂತ ಹಾಗೆ,
ಮಾರುವವಳು ನಾನೋ ಕೊಳ್ಳುವವಳು ನಾನೋ ತಿಳಿಯದೆ.

ನಾಲ್ಕನೇ ಕೋಣೆ ಅವನದು. ನಿದ್ದೆಯ ಮೇಲೆ ಅವನ ಪಿಎಚ್‌ಡಿ.
ಹುಂಚದ ಹುಡುಗ, ಕತ್ತಲಾದ ಮೇಲೆ ಉಣ್ಣದ ಮನೆಯವನು.
ಅವನ ಇಲಿಗಳು ಕತ್ತಲಾದ ಮೇಲೇ ಉಣ್ಣುವವು.
ಹನ್ನೆರಡು ಗಂಟೆ ಆ ಕತ್ತಲು ಕೆಡಬಾರದು,
ಒಂದು ಮಿಣುಕು ಬಿದ್ದರೂ ಏಳು ತಿಂಗಳ ಲೆಕ್ಕ ನೀರುಪಾಲು.

ಮೇ ಕೊನೆಯ ವಾರ. ಮೊದಲ ಗುಡುಗಿಗೇ ಮೆಸ್ಕಾಂ ಕೈಕೊಟ್ಟಿತು.
ಜನರೇಟರು ಕೆಮ್ಮಿ ಎದ್ದಿತು. ರಾತ್ರಿ ಹನ್ನೊಂದೂ ಕಾಲಿಗೆ
ಚಪ್ಪಲಿ ಬಿಟ್ಟು, ಗೌನು ತೊಟ್ಟು,
ಇಲಿಗಳ ಕಣ್ಣಿಗೆ ತಾಗದ ಕೆಂಪು ಟಾರ್ಚು ಹಿಡಿದು ಒಳಗೆ ಹೋದೆ.

ಮಿಂಚುಹುಳ.
ಒಂದೇ ಒಂದು. ಎರಡು ಬಾಗಿಲು, ಗಾಳಿ ಸೋಸುವ ಜಾಲರಿ,
ನಾನೇ ಬರೆದ ಹದಿಮೂರು ಪುಟದ ನಿಯಮ ದಾಟಿ,
ಮೂರನೇ ಸಾಲಿನ ಪಂಜರಗಳ ಮೇಲೆ
ಹತ್ತಿ ಆರುತ್ತಿತ್ತು, ಹತ್ತಿ ಆರುತ್ತಿತ್ತು,
ಟೈಮರನ್ನು ಕೇಳದೆ.
ತಿರುಗುತ್ತಿದ್ದ ಚಕ್ರಗಳು ನಿಂತಿದ್ದವು.
ಮೂತಿಗಳೆಲ್ಲ ಒಂದೇ ಕಡೆ.
ಏನು ಕಂಡವೋ. ಬಿಳಿ ಇಲಿಗಳ ದೃಷ್ಟಿ ಮಂದ
ಎಂದು ಪ್ರತಿ ಜೂನಿನಲ್ಲೂ ಪಾಠ ಮಾಡುವವಳು ನಾನೇ.

ತಕ್ಷಣ ಹಿಡಿಯಬೇಕಿತ್ತು.
ಎಣಿಸುತ್ತ ನಿಂತುಬಿಟ್ಟೆ. ಇಪ್ಪತ್ತೇಳು ಸಲ.
ಆಮೇಲೆ ಪ್ಲಾಸ್ಟಿಕ್ ಕೊಳವೆಯಲ್ಲಿ ಹಿಡಿದು ಹೊರಗೆ ತಂದು ಬಿಟ್ಟೆ.
ಗೇಟಿನಾಚೆ ಮತ್ತಿಮರದಲ್ಲಿ ಅಂಥವು ಸಾವಿರ,
ನಾನು ಬಿಟ್ಟದ್ದು ಯಾವುದೆಂದು ಆಮೇಲೆ ಗೊತ್ತಾಗಲಿಲ್ಲ.

ರಿಜಿಸ್ಟರಿನಲ್ಲಿ ಬರೆದೆ.
ಲೋಪ: ಬೆಳಕು. ಮೂಲ: ಹುಳ, ಒಂದು. ಅವಧಿ
ಎಂಬಲ್ಲಿ ಪೆನ್ನು ನಿಂತಿತು. ಉರಿದದ್ದನ್ನಷ್ಟೇ ಕೂಡಿಸಬೇಕೋ,
ನಡುನಡುವಿನ ಕತ್ತಲನ್ನೂ ಸೇರಿಸಬೇಕೋ?
ಆರು ನಿಮಿಷ ಎಂದು ಬರೆದು ಸಹಿ ಹಾಕಿದೆ.

ಬೆಳಗ್ಗೆ ಶ್ರೇಯಾಂಸ ಎರಡು ಸಲ ಓದಿದ. ನಗಲಿಲ್ಲ.
"ಇಷ್ಟನ್ನೂ ಲೆಕ್ಕದಿಂದ ತೆಗೀಬೇಕಾ ಮೇಡಂ?"
ತೆಗೆದರೆ ಹೊಸ ಹದಿನೆಂಟು ಬೇಕು.
ಬೀರುವಿನ ಕೀಲಿ ಹದಿನೆಂಟು ಸಲ ಜಾಸ್ತಿ ತಿರುಗಬೇಕು.
"ಇರಲಿ," ಅಂದೆ. "ಹುಳದ ಹೆಸರು ಹಾಕಿ, ಆದದ್ದು ಆದ ಹಾಗೆ ಬರಿ.
ನಂಬದವರು ನನಗೆ ಫೋನು ಮಾಡಲಿ."

ಗುತ್ಯಪ್ಪ ನೀರಿನ ಬಾಟಲಿಗಳನ್ನು ಬೆಳಕಿಗೆ ಎತ್ತಿ ನೋಡುತ್ತಿದ್ದ.
"ಮೂರನೇ ಸಾಲು, ನಿನ್ನೆಗಿಂತ ಎರಡು ಎಮ್ಮೆಲ್ ಜಾಸ್ತಿ ಕುಡ್ದಾವೆ."
ಅದನ್ನೂ ಬರೆದುಕೊಂಡೆ.